ಹೊಸ್ತಿಲು ದಾಟಿದ ಕರೆ

ನಮ್ಮ ಊರಿನಲ್ಲಿ ಸದ್ದು ಹೊಸ್ತಿಲು ದಾಟುವುದಿಲ್ಲ. ಬಾಗಿಲು ತೆರೆದೇ ಇದ್ದರೂ ಅಷ್ಟೇ. ಒಳಗೆ ಪಾತ್ರೆ ಬಿದ್ದರೆ ಒಳಗಿನವರಿಗೆ ಮಾತ್ರ ಗೊತ್ತು. ಬೀದಿಯಲ್ಲಿ ಮದುವೆಯ ಬ್ಯಾಂಡು ಹೋದರೆ ಒಳಗಿದ್ದವರು ಕಿಟಕಿಯಲ್ಲಿ ನಿಂತು, ಊದುವವರ ಉಬ್ಬಿದ ಕೆನ್ನೆ ನೋಡಿ, ಇದು ಯಾವ ಹಾಡಿರಬಹುದು ಎಂದು ತಮ್ಮತಮ್ಮಲ್ಲೇ ಪಂದ್ಯ ಕಟ್ಟುತ್ತಾರೆ. ಹೂವಿನವಳು ಕೂಗುವುದಿಲ್ಲ, ಒಂದು ಮಲ್ಲಿಗೆ ಮೊಗ್ಗನ್ನು ಒಳಗೆಸೆದು ಕಾಯುತ್ತಾಳೆ. ತರಕಾರಿಯವನು ನಿಂಬೆಹಣ್ಣು ಉರುಳಿಸುತ್ತಾನೆ. ಬೇಡದವರು ಅದನ್ನು ಕಾಲಿನಿಂದ ವಾಪಸು ಉರುಳಿಸುತ್ತಾರೆ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇರೆ ಊರಿಂದ ಬಂದ ನೆಂಟರು ಮೊದಲ ದಿನ ಹೊಸ್ತಿಲ ಮೇಲೆ ನಿಂತು, ತಲೆಯನ್ನು ಒಳಗೊಮ್ಮೆ ಹೊರಗೊಮ್ಮೆ ಚಾಚಿ ನಗುತ್ತಾರೆ. ಎರಡನೆಯ ದಿನಕ್ಕೆ ಅವರಿಗೂ ರೂಢಿಯಾಗುತ್ತದೆ.

ತಂತಿಯಲ್ಲೂ ಧ್ವನಿ ದಾಟದು. ಫೋನಿನಲ್ಲಿ ಮಾತಾಡಿದರೆ ಆಚೆ ಬರೀ ಮೌನ. ಬರಹ, ಸಂಖ್ಯೆಯಂಥ ಗುರುತು ಮಾತ್ರ ದಾಟುತ್ತದೆ. ಹಾಗಾಗಿ ಊರಿಗೆಲ್ಲ ಸೇರಿ ಒಂದು ದೊಡ್ಡ ಕಂಪ್ಯೂಟರ್ ಇಟ್ಟುಕೊಂಡಿದ್ದೇವೆ, ಹಳೆಯ ಅಂಚೆ ಕಟ್ಟಡದಲ್ಲಿ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಹೆಸರು ಕಸ್ತೂರಿ, ಊರಿಗೆಲ್ಲ ಕಸ್ತೂರಕ್ಕ. ಆ ಕಂಪ್ಯೂಟರಿನೊಳಗೆ ಒಬ್ಬೊಬ್ಬರ ಪ್ರೋಗ್ರಾಂ ಒಂದೊಂದು ಕಂಟೇನರಿನಲ್ಲಿ ಇರುತ್ತದೆ. ನಾವು ಅದನ್ನು ಡಬ್ಬಿ ಎನ್ನುತ್ತೇವೆ. ಗಿರಣಿ ರಾಚಪ್ಪನ ಡಬ್ಬಿ ಯಾರ ಹಿಟ್ಟು ಬೀಸಿ ಆಯಿತೆಂದು ಅವರವರ ಫೋನಿಗೆ ತಿಳಿಸುತ್ತದೆ. ಬಸ್ಸಿನ ಡಬ್ಬಿ ಬಸ್ಸು ಎಲ್ಲಿದೆಯೆಂದು ತೋರಿಸುತ್ತದೆ. ಒಂದು ಡಬ್ಬಿ ಕೆಟ್ಟರೆ ಪಕ್ಕದ್ದಕ್ಕೆ ತಾಗುವುದಿಲ್ಲ. ಒಂದರ ಒಳಗೆ ಏನು ನಡೆಯುತ್ತಿದೆ ಎಂದು ಇನ್ನೊಂದಕ್ಕೆ ಗೊತ್ತೂ ಆಗುವುದಿಲ್ಲ.

ಶಿವಲೀಲಾ ನನ್ನಲ್ಲಿಗೆ ಬಂದದ್ದು ಮಗು ಹೋದ ಮೇಲೆ. ಆಕೆ ನಮ್ಮ ಬೀದಿಯ ಸೊಸೆ, ಕುಪ್ಪಸ ಹೊಲಿಯುತ್ತಿದ್ದಳು. ಗಂಡ ಶೇಖಪ್ಪ ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದ. ನಮ್ಮಲ್ಲಿ ಬಸುರಿ ಇರುವ ಮನೆಯ ಹೊರಗೋಡೆಗೆ ಒಂದು ಮೊಳೆ ಹೊಡೆದಿರುತ್ತಾರೆ. ಬೇನೆ ಶುರುವಾದರೆ ಅದಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ನೋಡಿದವರು ಓಡಿಹೋಗಿ ಸೂಲಗಿತ್ತಿ ಫಕೀರವ್ವನಿಗೆ ಹೇಳುತ್ತಾರೆ. ಶಿವಲೀಲಾಳಿಗೆ ಬೇನೆ ಬಂದದ್ದು ಸುಗ್ಗಿಯ ದಿನ, ನಡುಮಧ್ಯಾಹ್ನ, ಮನೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲದಾಗ. ಎದ್ದು ಮೊಳೆಯವರೆಗೆ ಹೋಗಲು ಆಗಲಿಲ್ಲ. ಕೂಗಿದಳು. ಆ ಹೊತ್ತಿನಲ್ಲಿ ಫಕೀರವ್ವ ಅದೇ ಬೀದಿಯಲ್ಲಿ, ತನ್ನ ಅಂಗಳದಲ್ಲಿ, ಶೇಂಗಾ ಸುಲಿಯುತ್ತ ಕೂತಿದ್ದಳು. ಶೇಖಪ್ಪ ಸಂಜೆ ಮನೆಗೆ ಬಂದಾಗ ಶಿವಲೀಲಾಳಿಗೆ ಜೀವವಿತ್ತು, ಮಗುವಿಗೆ ಇರಲಿಲ್ಲ.

ಅದಾಗಿ ಎಷ್ಟೋ ವಾರ ಆಕೆ ಮನೆಯ ಒಳಗೆ ಕೂರುತ್ತಲೇ ಇರಲಿಲ್ಲ. ಹೊಲಿಗೆ ಮಷೀನನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಬಿಸಿಲಲ್ಲೇ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ನನ್ನ ಬಾಗಿಲು ದಾಟಿ ಒಳಗೆ ಬಂದು ನಿಂತಳು. ಬೇನೆ ಬಂದವಳು ಫೋನಿನ ಮೇಲೆ ಒಂದು ಕಡೆ ಬೆರಳು ಒತ್ತಿದರೆ ಸಾಕು, ಫಕೀರವ್ವನ ಮನೆಯಲ್ಲಿ ಗಂಟೆ ಬಾರಿಸಬೇಕು, ಯಾರ ಮನೆ ಎಂದು ತೋರಿಸಬೇಕು. ಅಂಥದ್ದು ಮಾಡಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ, ಮಾಡಿಕೊಡುತ್ತೇನೆ ಎಂದೆ.

"ನೀವು ಮಾಡಿಕೊಡಬ್ಯಾಡ್ರಿ ಅಕ್ಕಾ," ಎಂದಳು. "ನನಗ ಕಲಸ್ರಿ."

ಕಲಿಸಿದೆ. ಹೊಲಿಗೆಯ ಕೈ ಆದ್ದರಿಂದಲೋ ಏನೋ, ತಪ್ಪಿದ್ದನ್ನು ಬಿಚ್ಚಲು ಆಕೆಗೆ ಬೇಸರವಿರಲಿಲ್ಲ. ಎಲ್ಲಿ ತಪ್ಪಾಗಿದೆಯೋ ಅಲ್ಲಿಯವರೆಗೆ ಮಾತ್ರ ಬಿಚ್ಚಿ ಮತ್ತೆ ಮುಂದುವರಿಸುತ್ತಿದ್ದಳು. ಬಟ್ಟೆ ಹೊಲಿದು ಮುಗಿದ ಮೇಲೆ ಮಧ್ಯಾಹ್ನ ಬರುವಳು, ದೀಪ ಹಚ್ಚುವ ಹೊತ್ತಿಗೆ ಹೋಗುವಳು. ತನ್ನ ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ತಂದಿಟ್ಟುಕೊಂಡು ಅದರಲ್ಲೇ ಬರೆದು ಬರೆದು ನೋಡುತ್ತಿದ್ದಳು. ಮಳೆಗಾಲ ಕಳೆಯುವ ಹೊತ್ತಿಗೆ ಪ್ರೋಗ್ರಾಂ ತಯಾರಾಯಿತು. ಶೇಖಪ್ಪ ಫಕೀರವ್ವನ ಮನೆಗೆ ಎರಡು ಗಂಟೆ ಕೂರಿಸಿಕೊಟ್ಟ, ಒಂದು ಒಳಗೆ, ಒಂದು ಅಂಗಳದ ಕಂಬಕ್ಕೆ.

ಫಕೀರವ್ವನಿಗೆ ವಯಸ್ಸಾಗಿತ್ತು, ಮೊಣಕಾಲು ನೋವಿತ್ತು. ನಮ್ಮ ಊರಿನ ಅರ್ಧಕ್ಕರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು. ಗಂಟೆ ಕೂರಿಸುವಾಗ ಕೆಲವು ಹಿರಿಯ ಹೆಂಗಸರು ಬಂದು, ಮನೆಯ ನೋವು ಮನೆಯೊಳಗಿರಬೇಕು, ಅದನ್ನು ಬೀದಿಯಲ್ಲಿ ಬಾರಿಸಿದರೆ ಒಳ್ಳೆಯದಲ್ಲ ಎಂದರು. ಫಕೀರವ್ವ ಅವರಿಗೆ ಎಲೆಅಡಿಕೆ ಕೊಟ್ಟು ಕೂರಿಸಿ, ಅವರು ಹೇಳುವುದನ್ನೆಲ್ಲ ಕೇಳಿದಳು. ಆಮೇಲೆ ಶೇಖಪ್ಪನ ಕಡೆ ತಿರುಗಿ, ಕಂಬದ ಗಂಟೆಯನ್ನು ಇನ್ನೂ ಸ್ವಲ್ಪ ಮೇಲೆ ಕಟ್ಟು, ಹಿತ್ತಲಿಗೂ ಕೇಳಬೇಕು ಎಂದಳು. ಹೆಂಗಸರು ಎದ್ದುಹೋದ ಮೇಲೆ ನನ್ನ ಹತ್ತಿರ ಹೇಳಿದಳು: "ಅವತ್ತು ನನ್ನ ಉಡಿಯಾಗ ಶೇಂಗಾ ಇತ್ತವಾ. ಅವತ್ತಿಂದ ಮನ್ಯಾಗ ಶೇಂಗಾ ತರಸಿಲ್ಲ."

ಶಿವಲೀಲಾ ತನ್ನ ಪ್ರೋಗ್ರಾಮನ್ನು ಡಬ್ಬಿಗೆ ಹಾಕಿ ಊರಿನ ಕಂಪ್ಯೂಟರಿನಲ್ಲಿ ಓಡಿಸಿದ ದಿನ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ಡಬ್ಬಿ ಓಡುತ್ತಿತ್ತು. ಆಕೆ ಫೋನು ತೆಗೆದು ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಕಿಟಕಿಯಲ್ಲಿ ನೋಡಿದರೆ ಅಂಚೆ ಕಟ್ಟಡದ ಎದುರಿಗೇ ಇದ್ದ ತನ್ನ ಅಂಗಳದಲ್ಲಿ ಫಕೀರವ್ವ ಕಂಬವನ್ನೇ ನೋಡುತ್ತ ಕೂತಿದ್ದಳು, ಗಂಟೆ ಅಲ್ಲಾಡಲಿಲ್ಲ.

ಆಗ ಆಕೆಗೆ ಪೋರ್ಟಿನ ವಿಷಯ ಹೇಳಿದೆ. ಡಬ್ಬಿಯೊಳಗಿನ ಪ್ರೋಗ್ರಾಂ ತಾನಾಗಿ ಹೊರಗಿನವರನ್ನು ಮಾತಾಡಿಸಬಲ್ಲದು. ಹೊರಗಿನವರು ಅದನ್ನು ಮಾತಾಡಿಸಬೇಕಾದರೆ ಮಾತ್ರ ದಾರಿ ಮಾಡಿಕೊಡಬೇಕು. ದೊಡ್ಡ ಕಂಪ್ಯೂಟರಿಗೆ ನಂಬರ್ ಹಾಕಿದ ಬಾಗಿಲುಗಳಿವೆ, ಪೋರ್ಟ್ ಎನ್ನುತ್ತಾರೆ. ಡಬ್ಬಿಗೂ ಅದರದೇ ಪೋರ್ಟುಗಳಿವೆ. ಹೊರಗಿನ ಇಂಥ ಪೋರ್ಟಿಗೆ ಬಂದದ್ದನ್ನು ಈ ಡಬ್ಬಿಯ ಇಂಥ ಪೋರ್ಟಿಗೆ ಒಯ್ದು ಮುಟ್ಟಿಸು ಎಂದು ಮೊದಲೇ ಜೋಡಿಸಿಕೊಡಬೇಕು. ಆಕೆ ಜೋಡಿಸಿರಲಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಡಬ್ಬಿಯೇ ಇಲ್ಲದೆ ಓಡಿಸಿದ್ದರಿಂದ ಅದರ ಅಗತ್ಯ ಬಿದ್ದಿರಲಿಲ್ಲ.

ಹಾಗಾದರೆ ಈಗ ಜೋಡಿಸೋಣ ಎಂದಳು. ಓಡುತ್ತಿರುವ ಡಬ್ಬಿಗೆ ಬಾಗಿಲು ಕೊರೆಯಲು ಬರುವುದಿಲ್ಲ, ಇದನ್ನು ನಿಲ್ಲಿಸಿ ತೆಗೆದುಹಾಕಿ, ದಾರಿಯನ್ನು ಹೇಳಿ ಹೊಸದನ್ನು ಕಟ್ಟಬೇಕು ಎಂದೆ. ಆಕೆಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಇದನ್ನ ಅಳಿಸಲೇಬೇಕೇನ್ರಿ?"

ಡಬ್ಬಿಯನ್ನು ಎತ್ತುವ ಅಚ್ಚು ನಮ್ಮ ಹತ್ತಿರವೇ ಇರುತ್ತದೆ, ಅದರಿಂದ ಇಂಥದ್ದೇ ಇನ್ನೊಂದನ್ನು ಎಷ್ಟು ಸಲ ಬೇಕಾದರೂ ಎತ್ತಬಹುದು ಎಂದು ಸಮಾಧಾನ ಹೇಳಿದೆ. ಆಕೆ ತಾನೇ ಆಜ್ಞೆ ಬರೆದು ಡಬ್ಬಿಯನ್ನು ನಿಲ್ಲಿಸಿ ಅಳಿಸಿದಳು. ನನಗೆ ಬಿಡಲಿಲ್ಲ.

ಹೊಸ ಡಬ್ಬಿಯೂ ಆ ದಿನ ಏಳಲಿಲ್ಲ. ಆಕೆಯ ಪ್ರೋಗ್ರಾಂ ಕಾಯುವುದು ಎಂಬತ್ತು ಎಂಬತ್ತನೇ ಪೋರ್ಟಿನಲ್ಲಿ. ಎಲ್ಲರೂ ಕಲಿಯುವಾಗ ಹಾಕುವ ನಂಬರ್ ಅದೇ. ಹೊರಗಿನ ಬಾಗಿಲನ್ನೂ ಅದೇ ನಂಬರಿಗೆ ಕೇಳಿದಳು. ಅದನ್ನು ಬೇರೆಯವರು ಹಿಡಿದಿದ್ದಾರೆ ಎಂದು ಕಂಪ್ಯೂಟರ್ ಹೇಳಿತು. ಹಿಡಿದಿದ್ದವನು ಗಿರಣಿ ರಾಚಪ್ಪ.

ಸುದ್ದಿ ರಾಚಪ್ಪನಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಮೈಯೆಲ್ಲ ಹಿಟ್ಟು ಮೆತ್ತಿಕೊಂಡೇ ಬಂದು ಹೊಸ್ತಿಲೊಳಗೆ ಕಾಲಿಟ್ಟ. ಆತ ಮಾತಿಗೆ ಒರಟು, ಹಿಟ್ಟು ನುಣ್ಣಗಾಗಿಲ್ಲ ಎಂದವರನ್ನು ಮತ್ತೆ ಗಿರಣಿಗೆ ಸೇರಿಸುವವನಲ್ಲ. ಜಗಳಕ್ಕೇ ಬಂದನೆಂದು ಶಿವಲೀಲಾ ಎದ್ದು ನಿಂತಳು. ಆತ ಆಕೆಯನ್ನು ನೋಡದೆ ನನಗೆ ಹೇಳಿದ: "ನನ್ನ ನಂಬರ್ ಆಕಿಗೆ ಕೊಡ್ರಿ. ಹಿಟ್ಟು ನಾಳೆ ಒಯ್ದರೂ ನಡೀತೈತಿ."

ಹಾಗೆ ಕೊಟ್ಟರೆ ಆತ ಊರಿನ ಮನೆಮನೆಗೂ ಹೋಗಿ ಹೊಸ ನಂಬರ್ ಹೇಳಿಬರಬೇಕಿತ್ತು. ಅದು ಆತನಿಗೆ ಗೊತ್ತಿತ್ತು. ಕೂರಿಸಿ ಚಹಾ ಕೊಟ್ಟು, ಯಾರೂ ಏನೂ ಬಿಡಬೇಕಾಗಿಲ್ಲ ಎಂದೆ. ಒಳಗಿನ ನಂಬರ್ ಇಬ್ಬರದೂ ಒಂದೇ ಆದರೆ ತೊಂದರೆಯಿಲ್ಲ, ಒಂದರ ಒಳಗು ಇನ್ನೊಂದಕ್ಕೆ ಕಾಣುವುದಿಲ್ಲ. ಹೊರಬಾಗಿಲು ಮಾತ್ರ ಬೇರೆಬೇರೆ ಇರಬೇಕು. ಶಿವಲೀಲಾಳಿಗೆ ಎಂಬತ್ತು ತೊಂಬತ್ತೊಂದು ಖಾಲಿ ಇತ್ತು. ಅಲ್ಲಿ ಬಂದದ್ದು ಆಕೆಯ ಡಬ್ಬಿಯ ಎಂಬತ್ತು ಎಂಬತ್ತಕ್ಕೆ ಹೋಗಲಿ ಎಂದು ಜೋಡಿಸಿದರೆ ಮುಗಿಯಿತು. ರಾಚಪ್ಪ ಚಹಾ ಕುಡಿದು ಲೋಟ ಇಟ್ಟು, ಹೋಗುವಾಗ ಆಕೆಗೆ ಹೇಳಿದ, ಗಂಟೆ ಬಾರಿಸಿದ ದಿನ ನನಗೂ ಹೇಳಿಕಳಿಸವ್ವಾ ಎಂದು. ಆತನ ಮೊದಲ ಹೆಂಡತಿ ಬಾಣಂತಿಯಾಗಿ ತೀರಿಹೋದವಳು ಎಂದು ನನಗೆ ನೆನಪಾದದ್ದು ಆತ ಬೀದಿಗೆ ಇಳಿದ ಮೇಲೆ.

ಪರೀಕ್ಷೆಯನ್ನು ಗುರುವಾರಕ್ಕೆ ಇಟ್ಟುಕೊಂಡೆವು. ನೇಕಾರರ ಓಣಿಯ ಕೊನೆಯ ಮನೆಯಲ್ಲಿ ನೀಲಾ ಎಂಬ ಹುಡುಗಿ ಇದ್ದಳು, ಬಸ್ಸು ಓಡಿಸುವ ಕುಬೇರನ ಹೆಂಡತಿ. ಚೊಚ್ಚಲ ಬಸುರಿ, ದಿನ ತುಂಬಲು ಇನ್ನೂ ಸಮಯವಿತ್ತು. ಆಕೆಯ ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದರು, ವಾರದಲ್ಲಿ ಬರುವವರಿದ್ದರು. ಊರಿನಲ್ಲಿ ಎಲ್ಲರಿಗಿಂತ ದೂರದ ಮನೆ ಅದೇ ಆದ್ದರಿಂದ, ಅಲ್ಲಿಂದ ಒತ್ತಿದ್ದು ಮುಟ್ಟಿದರೆ ಎಲ್ಲಿಂದಲೂ ಮುಟ್ಟುತ್ತದೆ ಎಂದು ಶಿವಲೀಲಾ ಆಕೆಯನ್ನೇ ಆರಿಸಿದಳು. ಬೆಳಿಗ್ಗೆ ಹೋಗಿ ಆಕೆಯ ಫೋನಿನಲ್ಲಿ ಹೊಸ ನಂಬರ್ ಹಾಕಿಕೊಟ್ಟು, ಆಗಾಗ ಒಂದು ಸಲ ಒತ್ತುತ್ತಿರು, ನಾನೇ ಬಂದು ಸಾಕು ಎನ್ನುವವರೆಗೆ ಬಿಡಬೇಡ ಎಂದು ಹೇಳಿಬಂದಳು. ಕುಬೇರ ಬಸ್ಸು ತೆಗೆದುಕೊಂಡು ಹೋದ. ನೀಲಾ ನಗುನಗುತ್ತ ಚಪಾತಿ ಲಟ್ಟಿಸುತ್ತಿದ್ದಳಂತೆ.

ಡಬ್ಬಿ ಎದ್ದಿತು. ಜೋಡಣೆ ಸರಿಯಾಗಿತ್ತು, ನಾನು ಮತ್ತೆ ಮತ್ತೆ ನೋಡಿದೆ. ಹೊರಬಾಗಿಲು ತೆರೆದಿತ್ತು. ಆದರೂ ಎದುರು ಅಂಗಳದಲ್ಲಿ ಗಂಟೆ ಅಲ್ಲಾಡಲಿಲ್ಲ. ಶಿವಲೀಲಾ ತನ್ನ ಫೋನಿನಿಂದ ಒತ್ತಿದಳು, ಬಾಗಿಲವರೆಗೆ ಹೋದದ್ದು ಅಲ್ಲಿಂದಲೇ ತಿರುಗಿ ಬಂತು. ಡಬ್ಬಿಯ ಒಳಗೇ ಹೊಕ್ಕು ಅಲ್ಲಿಂದ ಕೇಳಿ ನೋಡಿದೆ. ಒಳಗಿನಿಂದ ಕೇಳಿದರೆ ಪ್ರೋಗ್ರಾಂ ಚೆನ್ನಾಗಿ ಉತ್ತರ ಕೊಡುತ್ತಿತ್ತು. ಹೊರಗಿನಿಂದ ಕೇಳಿದರೆ ಸುಮ್ಮನಿತ್ತು. ಬೆಳಗೆಲ್ಲ ಹೀಗೇ ಹೋಯಿತು. ಫಕೀರವ್ವ ಎರಡು ಸಲ ಅಂಗಳದಿಂದ ಕೈಯಾಡಿಸಿ ಏನಾಯಿತೆಂದು ಕೇಳಿದಳು, ನಾವು ಕಿಟಕಿಯಿಂದ ಇಲ್ಲವೆಂದು ತಲೆಯಾಡಿಸಿದೆವು.

ಶಿವಲೀಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಒಮ್ಮೆ, "ಒಳಗ ಅಷ್ಟು ಚಂದ ಮಾತಾಡತೈತಿ, ಹೊರಗಿಂದ ಕರದ್ರ ಯಾಕ ಓ ಅನ್ನವಲ್ದು?" ಎಂದಳು. ಮೊದಲಿನಿಂದ ಒಂದೊಂದೇ ಸಾಲು ಓದೋಣ ಎಂದೆ. ಇಬ್ಬರೂ ಕೂತು ಓದಿದೆವು. ಆಕೆಯೇ ಬರೆದ ಒಂದು ಸಾಲಿನಲ್ಲಿ, ಪ್ರೋಗ್ರಾಂ ಯಾವ ವಿಳಾಸದಲ್ಲಿ ಕಿವಿಗೊಟ್ಟು ಕಾಯಬೇಕು ಎನ್ನುವುದು ಇತ್ತು. ಅಲ್ಲಿ ಆಕೆ ಹಾಕಿದ್ದು ನನಗೆ ನಾನೇ ಎನ್ನುವ ವಿಳಾಸ. ಪ್ರತಿ ಕಂಪ್ಯೂಟರಿಗೂ ಪ್ರತಿ ಡಬ್ಬಿಗೂ ಅಂಥದ್ದೊಂದು ಇರುತ್ತದೆ. ಆ ವಿಳಾಸದಲ್ಲಿ ಕೂತವರಿಗೆ ತಮ್ಮ ಮಾತು ಬಿಟ್ಟು ಬೇರೆಯವರದು ಕೇಳುವುದಿಲ್ಲ. ಮನೆಯಲ್ಲಿ ಒತ್ತುವುದೂ ಕೇಳುವುದೂ ಒಂದೇ ಕಂಪ್ಯೂಟರಿನಲ್ಲಿ ನಡೆದದ್ದರಿಂದ ಅದು ನಡೆದಿತ್ತು. ಇಲ್ಲಿ ಕರೆ ಹೊರಗಿನಿಂದ ಬಂದು ಡಬ್ಬಿಯ ಬಾಗಿಲು ತಟ್ಟುತ್ತಿತ್ತು, ಆ ಬಾಗಿಲ ಹಿಂದೆ ಯಾರೂ ಇರಲಿಲ್ಲ.

ಆಕೆ ಆ ವಿಳಾಸವನ್ನು ಅಳಿಸಿ, ಎಲ್ಲ ಕಡೆಯಿಂದಲೂ ಕೇಳು ಎನ್ನುವ ಸೊನ್ನೆಗಳನ್ನು ಬರೆದಳು. ಅಚ್ಚು ಹೊಸದಾಯಿತು. ಹಳೆಯ ಡಬ್ಬಿ ತೆಗೆದು ಹೊಸದನ್ನು ಎಬ್ಬಿಸಿದೆವು. ಈ ಸಲ ಅಳಿಸುವಾಗ ಆಕೆಯ ಕೈ ತಡೆಯಲಿಲ್ಲ.

ಡಬ್ಬಿ ಎದ್ದು ನಾವು ಫೋನು ಕೈಗೆತ್ತಿಕೊಳ್ಳುವ ಮೊದಲೇ ಎದುರಿನ ಗಂಟೆ ಅಲ್ಲಾಡಿತು. ಒಳಗಿದ್ದ ನಮಗೆ ಸದ್ದು ಬರಲಿಲ್ಲ. ಕಂಬದ ಮೇಲೆ ಅದು ತೂಗುವುದು ಕಂಡಿತು, ಫಕೀರವ್ವ ಎರಡೂ ಕೈ ಮೇಲೆತ್ತಿದ್ದು ಕಂಡಿತು. ಶಿವಲೀಲಾ ಕುರ್ಚಿ ಬೀಳಿಸಿಕೊಂಡು ಹೊರಗೋಡಿದಳು. ನಾನೂ ಹಿಂದೆ ಹೋದೆ. ಹೊಸ್ತಿಲು ದಾಟಿದ ಕೂಡಲೇ ಗಂಟೆಯ ಸದ್ದು ಮುಖಕ್ಕೆ ಬಡಿಯಿತು. ಬೀದಿಯ ಜನ ಎದ್ದು ನಿಂತಿದ್ದರು. ಯಾರೋ ರಾಚಪ್ಪನಿಗೆ ಹೇಳಲು ಓಡಿದರು. ಫಕೀರವ್ವ ಕೈಯಲ್ಲಿದ್ದ ಫೋನನ್ನು ದೂರ ಹಿಡಿದು, ನೀಲಾ ಅಂತ ತೋರಸಾಕತ್ತೈತಿ ನೋಡು, ಎಂದು ಎಲ್ಲರಿಗೂ ತೋರಿಸಿದಳು. ಶೇಖಪ್ಪ ಅವತ್ತು ಭಟ್ಟಿಗೆ ಹೋಗಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದವನು ಹೆಂಡತಿಯ ಮುಖ ನೋಡಿ ನಗಲೂ ಆಗದೆ ಅಳಲೂ ಆಗದೆ ಹೆಗಲ ಮೇಲಿನ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

ಗಂಟೆ ನಿಂತಿತು. ಇನ್ನು ಹೋಗಿ ಆ ಹುಡುಗಿಗೆ ಸಾಕು ಎಂದು ಹೇಳಿ ಬಾ ಎಂದು ಶಿವಲೀಲಾಳಿಗೆ ನಾನು ಹೇಳುತ್ತಿರುವಾಗ ಮತ್ತೆ ಶುರುವಾಯಿತು. ಒಂದು ಸಲ ಒತ್ತಿ ಬಿಟ್ಟದ್ದಲ್ಲ. ಮೇಲಿಂದ ಮೇಲೆ, ಬಿಡದೆ, ಒತ್ತಿ ಒತ್ತಿ ಬಾರಿಸಿದಂತೆ. ಪಕ್ಕದ ಮನೆಯ ಮುದುಕ, ಹುಡುಗಿಗೆ ಆಟ ಸಿಕ್ಕಿತು ಎಂದು ನಕ್ಕ. ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ. ನಡುವಿನ ಬಿಡುವು ಮೊದಲಿನಷ್ಟಿರಲಿಲ್ಲ.

ಶಿವಲೀಲಾ ಕಂಬವನ್ನು ನೋಡುತ್ತ ನಿಂತಿದ್ದಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು.

"ಅಕ್ಕಾ," ಎಂದಳು, "ಆಕಿ ಪರೀಕ್ಷಾ ಮಾಡಾಕತ್ತಿಲ್ರಿ. ಬ್ಯಾನಿ ಬಂದಾವ."

ಫಕೀರವ್ವ ಒಳಗೆ ಹೋಗಿ ಹೆರಿಗೆಯ ಗಂಟು ತಂದಳು. ಅಷ್ಟು ದೂರ ನಡೆಯಲು ಆಕೆಯ ಕಾಲು ಬಾರದು. ರಾಚಪ್ಪ ಹಿಟ್ಟಿನ ಗಾಡಿಯಲ್ಲೇ ಬಂದಿದ್ದ, ಚೀಲಗಳನ್ನು ಬೀದಿಯಲ್ಲಿ ಕೆಡವಿ ಆಕೆಯನ್ನು ಎತ್ತಿ ಕೂರಿಸಿದ. ಶಿವಲೀಲಾ ಗಾಡಿಗೆ ಕಾಯಲಿಲ್ಲ. ಸೀರೆ ಎತ್ತಿ ಕಟ್ಟಿ ಓಡಿದಳು. ಆಕೆ ಹೋಗುವ ದಾರಿಯನ್ನು ನೋಡಿ ಜನ ತಾವಾಗಿ ಸರಿದು ನಿಂತರು. ನಾವು ಹಿಂದಿನಿಂದ ಹೋಗಿ ಮುಟ್ಟುವಷ್ಟರಲ್ಲಿ ಆಕೆ ನೀಲಾಳ ಮನೆಯೊಳಗೆ ಹೋಗಿಯಾಗಿತ್ತು. ಒಲೆಯ ಮೇಲೆ ಚಪಾತಿ ಸೀದು ಕರಿಯಾಗಿತ್ತು. ನೀಲಾ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು, ಒಂದು ಕೈಯಲ್ಲಿ ಫೋನು. ಬೆಳಗಿನಿಂದ ಎಷ್ಟು ಹೊತ್ತು ಹಾಗೆ ಒತ್ತುತ್ತಿದ್ದಳೋ. ಶಿವಲೀಲಾ ಆಕೆಯ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತು, ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನೀಲಾಳ ಕೈಯಿಂದ ಫೋನು ಬಿಡಿಸಿದವಳು ನಾನು. ಬೆರಳುಗಳು ಬೇಗ ಬಿಡಲಿಲ್ಲ.

ಫಕೀರವ್ವ ಬಂದಳು, ನೋಡಿದಳು, ಕೂಸು ಅಡ್ಡ ಐತಿ ಎಂದಳು. ನೀರು ಕಾಯಿಸಲು ನನಗೆ ಹೇಳಿ, ಕಾಯಿಸಿಕೊಟ್ಟ ಮೇಲೆ ನನ್ನನ್ನೂ ಹೊರಗೆ ಕಳಿಸಿದಳು. ಶಿವಲೀಲಾಳನ್ನು ಮಾತ್ರ ಇಟ್ಟುಕೊಂಡಳು.

ಹೊರಗೆ ಓಣಿ ತುಂಬ ಜನ. ಬಾಗಿಲು ಹಾಕಿರಲಿಲ್ಲ, ಪರದೆ ಎಳೆದಿದ್ದರು. ಅದರಾಚೆ ಏನಾಗುತ್ತಿದೆ ಎಂದು ನಮಗೆ ಏನೂ ತಿಳಿಯದು. ಒಳಗೆ ನೀಲಾ ಕೂಗುತ್ತಿರಬಹುದು, ಫಕೀರವ್ವ ಬೈಯುತ್ತಿರಬಹುದು. ನಮ್ಮ ಕಿವಿಗೆ ಬೀಳುತ್ತಿದ್ದುದು ಯಾವುದೋ ಮಗ್ಗದ ಮನೆಯ ಕಟ್ಟೆಯ ಮೇಲೆ ಒಣಗಲು ಹಾಕಿದ ನೂಲು ಗಾಳಿಗೆ ಆಡುವ ಸದ್ದು, ಅಷ್ಟೇ. ಶೇಖಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದ. ರಾಚಪ್ಪ ಬಾಗಿಲ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಕೈಯಲ್ಲಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದ. ಮನೆಯ ನೋವು ಬೀದಿಗೆ ಬರಬಾರದು ಎಂದಿದ್ದ ಹೆಂಗಸರಲ್ಲಿ ಒಬ್ಬಳು ಎಲ್ಲಿಂದಲೋ ಹಳೆಯ ಮೆತ್ತನೆಯ ಸೀರೆ ತಂದು, ಪರದೆಯ ಕೆಳಗಿನಿಂದ ಒಳಗೆ ತಳ್ಳಿದಳು. ಒಂದು ಕೈ ಬಂದು ಅದನ್ನು ಎಳೆದುಕೊಂಡಿತು. ಕೈಯಲ್ಲಿ ಶಿವಲೀಲಾಳ ಹಸಿರು ಬಳೆ ಇತ್ತು.

ಬಿಸಿಲು ಗೋಡೆ ಹತ್ತಿತು. ಕುಬೇರ ಸುದ್ದಿ ತಿಳಿದು, ಬಸ್ಸನ್ನು ಜನರ ಸಮೇತ ಓಣಿಯ ಬಾಯಿಗೆ ತಂದು ನಿಲ್ಲಿಸಿ ಓಡಿಬಂದ. ಪ್ರಯಾಣಿಕರೂ ಇಳಿದು ಬಂದರು, ಯಾರೂ ಗೊಣಗಲಿಲ್ಲ. ಆತ ಒಳಗೆ ನುಗ್ಗಲು ಹೋದ, ರಾಚಪ್ಪ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ.

ಆಮೇಲೆ ಪರದೆ ಸರಿಯಿತು. ಸರಿಸಿದವಳು ಫಕೀರವ್ವ. ಹಣೆಯ ಕೂದಲು ಬೆವರಿಗೆ ಅಂಟಿತ್ತು. ಆಕೆಯ ಹಿಂದೆ ಶಿವಲೀಲಾ, ತೋಳಿನಲ್ಲಿ ಆ ಹಳೆಯ ಸೀರೆಯ ಸುತ್ತು. ಕೂಸನ್ನು ಅಷ್ಟು ಬೇಗ ಹೊರಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಫಕೀರವ್ವ ಪಕ್ಕಕ್ಕೆ ಸರಿದು, "ಹೋಗವಾ, ನೀನಽ ತೋರ್ಸು," ಎಂದದ್ದು ತುಟಿಯಲ್ಲಿ ಕಂಡಿತು. ಶಿವಲೀಲಾ ಹೊಸ್ತಿಲ ಒಳಗೇ ಒಂದು ಕ್ಷಣ ನಿಂತಳು. ಸುತ್ತಿನೊಳಗೆ ಕೆಂಪಗಿನ ಸಣ್ಣ ಮುಖ, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಬಾಯಿ ಅಗಲವಾಗಿ ತೆರೆದಿತ್ತು. ಸದ್ದಿಲ್ಲ. ಕುಬೇರ ಎದ್ದು ನಿಂತ. ಅವನ ಮುಖ ನೋಡಿ, ಏನೂ ಆಗಿಲ್ಲಪ್ಪ, ಅಳುತ್ತಿದೆ ಎಂದು ಹೇಳಲು ಹೊರಟೆ.

ಶಿವಲೀಲಾ ಕಾಲೆತ್ತಿ ಹೊಸ್ತಿಲು ದಾಟಿದಳು. ಕೂಸಿನ ಅಳು ಒಮ್ಮೆಗೇ ಓಣಿಯ ತುಂಬ ಹೊಡೆಯಿತು. ನಮ್ಮ ಬೀದಿಗಳಲ್ಲಿ ಯಾರೂ ಅಷ್ಟು ಎಳೆಯ ದನಿ ಕೇಳಿದವರಲ್ಲ. ಗಂಡಸರು ತಲೆಯ ಮೇಲಿನ ಟೋಪಿ ತೆಗೆದರು. ಶಿವಲೀಲಾ ಕೂಸನ್ನು ಅದರ ಅಪ್ಪನ ಕೈಗೆ ಕೊಡಲು ಹೋದಳು. ಅವನು ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಲೇ ಇದ್ದುದರಿಂದ ಕೊಡದೆ, ಅಲ್ಲೇ ಬಿಸಿಲಿನಲ್ಲಿ ನಿಂತು, ಅದು ಅಳುವಷ್ಟು ಹೊತ್ತೂ ಎದೆಗೆ ಹಿಡಿದುಕೊಂಡು ಕೇಳಿಸಿಕೊಂಡಳು.